ಪರಿಸರ ಸಲಹೆಗಾರನ ಉಪ್ಪಿನ ಋಣ

ಕಳೆದ ತಿಂಗಳು ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಕಡೆಯಿಂದ ನನ್ನ ಚಿಕ್ಕಪ್ಪನ ಮಗ ತನ್ನ ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಅವನು ಕಬ್ಬು ಬೆಳೆಗಾರ. ಮಗಳು ಮೈಸೂರಿನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮುಗಿಸಿದ್ದಾಳೆ. ಬೆಂಗಳೂರಿನ ಪರಿಸರ ಸಲಹಾ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿದೆ. ‘ದೊಡ್ಡಪ್ಪ, ಸೇರಿಕೊಳ್ಳಲೋ ಬೇಡವೋ ನೀವೇ ಹೇಳಿ’ ಎಂದಳು. ಸಂಸ್ಥೆ ಏನು ಕೆಲಸ ಮಾಡುತ್ತದೆ ಎಂದು ಅಪ್ಪ ಕೇಳಿದ. ಹೊಸ ಕಾರ್ಖಾನೆ, ಗಣಿ, ರಸ್ತೆ ಬರುವ ಮುನ್ನ ಅಲ್ಲಿನ ನೆಲ, ಜಲ, ಗಾಳಿಗೆ ಏನಾಗಬಹುದೆಂದು ಅಧ್ಯಯನ ಮಾಡಿ ಸರ್ಕಾರಕ್ಕೆ ವರದಿ ಬರೆಯುವುದು ಎಂದು ಅವಳು ವಿವರಿಸಿದಳು. ‘ದುಡ್ಡು ಯಾರು ಕೊಡ್ತಾರೆ?’ ಎಂಬುದು ಅವನ ಮುಂದಿನ ಪ್ರಶ್ನೆ. ‘ಕಾರ್ಖಾನೆ ಕಟ್ಟುವವರೇ’ ಎಂದಳು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಲ್ಲ ಕಣವ್ವ, ಅವರ ಉಪ್ಪು ತಿಂದು ಅವರ ಮೇಲೇ ಹೆಂಗೆ ಬರೆದೀಯ?’ ಎಂದ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿ ಕಳೆದ ನನಗೆ ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಪರಿಸರ ಸಲಹೆಗಾರನಾಗುವುದು ಇಂದು ವಿಜ್ಞಾನ ಮತ್ತು ಎಂಜಿನಿಯರಿಂಗ್ ಓದಿದ ಅನೇಕ ಯುವಕ ಯುವತಿಯರ ಆಕಾಂಕ್ಷೆಯಾಗಿದೆ. ಈ ವೃತ್ತಿಗೆ ಬೇಕಾದ ಓದು, ಸಂಬಳ, ಭವಿಷ್ಯ ಕುರಿತು ಮಾಹಿತಿ ಧಾರಾಳವಾಗಿ ಸಿಗುತ್ತದೆ. ಆದರೆ ಆ ರೈತ ಎತ್ತಿದ ಪ್ರಶ್ನೆಯನ್ನು ಎತ್ತುವವರು ವಿರಳ. ಈ ವೃತ್ತಿಯ ಘನತೆ ಮತ್ತು ಭವಿಷ್ಯ ಎರಡೂ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ ಎಂಬುದು ನನ್ನ ಅಭಿಪ್ರಾಯ.

ಈ ವೃತ್ತಿಯನ್ನು ಸೃಷ್ಟಿಸಿದ್ದು ಮಾರುಕಟ್ಟೆಯಲ್ಲ, ಕಾನೂನು. 1984ರ ಭೋಪಾಲ್ ದುರಂತದ ಬಳಿಕ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1994ರ ಜನವರಿಯಲ್ಲಿ ಪರಿಸರ ಪರಿಣಾಮ ಅಧ್ಯಯನವನ್ನು ಕಡ್ಡಾಯಗೊಳಿಸಿದ ಅಧಿಸೂಚನೆ ಹೊರಬಿತ್ತು. 1997ರಲ್ಲಿ ಸಾರ್ವಜನಿಕ ಅಹವಾಲು ಸಭೆ ಅದಕ್ಕೆ ಸೇರಿತು. ಇಂದಿಗೂ ಜಾರಿಯಲ್ಲಿರುವುದು ಹಲವು ತಿದ್ದುಪಡಿಗಳನ್ನು ಕಂಡ 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ಮೊದಮೊದಲು ಈ ವರದಿಗಳನ್ನು ಯಾರು ಬೇಕಾದರೂ ಬರೆಯಬಹುದಿತ್ತು. ವರದಿಗಳ ಗುಣಮಟ್ಟ ನಗೆಪಾಟಲಿಗೆ ಈಡಾದ ಮೇಲೆ, 2009ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಭಾರತೀಯ ಗುಣಮಟ್ಟ ಮಂಡಳಿಯಡಿಯ ‘ನ್ಯಾಬೆಟ್’ ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳಷ್ಟೇ ವರದಿ ಸಿದ್ಧಪಡಿಸಬೇಕೆಂಬ ಕಟ್ಟಳೆ ತಂದಿತು. ಗಾಳಿ, ನೀರು, ಶಬ್ದ, ಅಂತರ್ಜಲ, ಮಣ್ಣು, ಜೀವಿವೈವಿಧ್ಯ, ಸಮಾಜ-ಆರ್ಥಿಕತೆ ಹೀಗೆ ಒಂದೊಂದು ಕ್ಷೇತ್ರಕ್ಕೂ ಒಬ್ಬೊಬ್ಬ ತಜ್ಞ, ಅವರೆಲ್ಲರ ಮೇಲೆ ಒಬ್ಬ ಸಂಯೋಜಕ ಇರಬೇಕೆಂಬುದು ಆ ವ್ಯವಸ್ಥೆ. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಏರ್ಪಾಡೇ ಸರಿ.

ಈ ವೃತ್ತಿಯನ್ನು ಕಲಿಯಲು ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಸಿಗುವುದು ಕಷ್ಟ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದದ್ದರಿಂದ ಒಣಭೂಮಿ ಗದ್ದೆಯಾಯಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಗಿ ಮಂಡ್ಯ ಸಕ್ಕರೆ ನಾಡಾಯಿತು. ಅದೇ ನೀರು ಅತಿಯಾದ ಕಡೆ ಜೌಗು, ಚೌಳು ಕಾಣಿಸಿಕೊಂಡವು. ಸಮೃದ್ಧಿಗೂ ಹಾನಿಗೂ ಕಾರಣ ಒಂದೇ ಆಗಿರಬಲ್ಲದು ಎಂಬ ಪಾಠವನ್ನು ಇಲ್ಲಿನ ರೈತ ಯಾವ ಪುಸ್ತಕವನ್ನೂ ಓದದೆ ಬಲ್ಲ. ಸಕ್ಕರೆ ಕಾರ್ಖಾನೆ ಮತ್ತು ಮದ್ಯಸಾರ ಘಟಕಗಳನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅತಿ ಹೆಚ್ಚು ಮಾಲಿನ್ಯ ಉಂಟುಮಾಡುವ 17 ಬಗೆಯ ಉದ್ದಿಮೆಗಳ ಪಟ್ಟಿಯಲ್ಲಿಟ್ಟಿದೆ. ಕಾಕಂಬಿಯಿಂದ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್‌ನಷ್ಟು ಕಡುಕಂದು ತ್ಯಾಜ್ಯ ಉಳಿಯುತ್ತದೆ. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸುವ ನೀತಿ ಬಂದ ಮೇಲೆ ಈ ಘಟಕಗಳಿಗೆ ಬೇಡಿಕೆ ಹೆಚ್ಚಿದೆ. ಅದು ಕಬ್ಬು ಬೆಳೆಗಾರನಿಗೆ ಒಳಿತೇ. ಆದರೆ ಆ ತ್ಯಾಜ್ಯವನ್ನು ಆವಿಯಾಗಿಸಿ ಸುಡುತ್ತಾರೋ, ಗೊಬ್ಬರ ಮಾಡುತ್ತಾರೋ, ಇಲ್ಲವೇ ಮಳೆ ಬಂದ ರಾತ್ರಿ ಹಳ್ಳಕ್ಕೆ ಬಿಡುತ್ತಾರೋ ಎಂಬುದನ್ನು ನಂಬಲರ್ಹವಾಗಿ ಹೇಳಬೇಕಾದವರು ಯಾರು?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಉದಾಹರಣೆ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಕಾಡಿನಲ್ಲಲ್ಲ, ಊರೊಳಗಿನ ಹುಣಸೆ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹುಣಸೆ ಫಸಲು ಕೈಬಿಟ್ಟ ಮಾಲೀಕರಿಗೆ ಅರಣ್ಯ ಇಲಾಖೆ ಮರಕ್ಕಿಷ್ಟೆಂದು ಪರಿಹಾರ ಕೊಡುತ್ತದೆ. ಹಕ್ಕಿಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಚಳಿಗಾಲದಲ್ಲಿ ಬರುವ ಹಕ್ಕಿಗಳು ಮರಿ ಮಾಡಿಕೊಂಡು ಮಳೆಗಾಲದ ಹೊತ್ತಿಗೆ ಹೊರಟುಹೋಗುತ್ತವೆ. ಮೇವಿಗಾಗಿ ಅವು ಹಾರುವುದು ಊರಾಚೆಯ ಮದ್ದೂರು ಕೆರೆ, ತೈಲೂರು ಕೆರೆ, ಸೂಳೆಕೆರೆ ಹಾಗೂ ಶಿಂಷಾ ನದಿಗೆ. ಅಧಿಸೂಚನೆಯ ಪ್ರಕಾರ ಅನೇಕ ಯೋಜನೆಗಳಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಮಾಹಿತಿ ಸಾಕು. ಅಕ್ಟೋಬರ್‌ನಲ್ಲಿ ಬಂದು ಅಳೆದು ಹೋದ ಸಲಹೆಗಾರನ ಕಣ್ಣಿಗೆ ಆ ಮರಗಳು ಬರೀ ಹುಣಸೆ ಮರಗಳು; ಹತ್ತಾರು ಕಿಲೋಮೀಟರ್ ದೂರದ ಕೆರೆಗೂ ಆ ಊರಿಗೂ ಯಾವ ಸಂಬಂಧವೂ ಕಾಣದು. 2017ರ ಕೊನೆಯಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದರಂತೆ ಸತ್ತು ಬಿದ್ದಾಗ ಪರೀಕ್ಷೆಯಲ್ಲಿ ಕಂಡದ್ದು ಜಂತುಹುಳುವಿನ ಬಾಧೆ. ಆಗ ಮೊದಲು ಎದ್ದ ಪ್ರಶ್ನೆ, ಅವು ಮೀನು ಹಿಡಿಯುವ ಕೆರೆಗಳ ನೀರು ಹೇಗಿದೆ ಎಂಬುದಾಗಿತ್ತು.

ಇನ್ನು ಮಳವಳ್ಳಿ. ಏಷ್ಯಾದಲ್ಲೇ ಮೊದಮೊದಲಿನ ಜಲವಿದ್ಯುತ್ ಕೇಂದ್ರಗಳಲ್ಲಿ ಒಂದು 1902ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಶಿವನಸಮುದ್ರದಲ್ಲಿ ಆರಂಭವಾಯಿತು. ಈ ಪುಟ ಓದುತ್ತಿರುವ ಬೆಂಗಳೂರಿಗರು ಬೆಳಿಗ್ಗೆ ಕುಡಿದ ನೀರು ಕೂಡ ಬಹುಮಟ್ಟಿಗೆ ಇದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಹರಿದು, ಏರಿ ಬಂದದ್ದು. 1974ರಲ್ಲಿ ಮೊದಲ ಹಂತ ಶುರುವಾಯಿತು; 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಆದ್ದರಿಂದ ಕಾವೇರಿಯ ಮೇಲ್ದಂಡೆಯಲ್ಲಿ ಯಾವ ಕಾರ್ಖಾನೆ ಏನು ಬಿಡುತ್ತದೆ ಎಂಬುದು ಮಂಡ್ಯ ಜಿಲ್ಲೆಯ ಹಳ್ಳಿಗರ ಚಿಂತೆ ಮಾತ್ರವಲ್ಲ. 2018ರಲ್ಲಿ ಕೇಂದ್ರ ಮಂಡಳಿ ಗುರುತಿಸಿದ ದೇಶದ 351 ಮಲಿನ ನದಿಪಾತ್ರಗಳಲ್ಲಿ 17 ಕರ್ನಾಟಕದವು. ಅವುಗಳಲ್ಲಿ ಕಾವೇರಿಯೂ ಇದೆ, ಶಿಂಷೆಯೂ ಇದೆ.

ಇಷ್ಟೆಲ್ಲ ಕೆಲಸ ಕಣ್ಣೆದುರಿಗಿರುವಾಗ ಆ ಹುಡುಗಿಗೆ ‘ಸೇರಿಕೋ’ ಎನ್ನಲು ನಾನೇಕೆ ಹಿಂಜರಿದೆ? ಅದಕ್ಕೆ ನನ್ನದೇ ಒಂದು ಅನುಭವ ಕಾರಣ.

ಅಪರ ಜಿಲ್ಲಾಧಿಕಾರಿಯಾಗಿದ್ದಾಗ, ಬೇರೊಂದು ಜಿಲ್ಲೆಯಲ್ಲಿ, ಕಲ್ಲುಗಣಿ ಯೋಜನೆಯೊಂದರ ಸಾರ್ವಜನಿಕ ಅಹವಾಲು ಸಭೆಯ ಅಧ್ಯಕ್ಷತೆ ವಹಿಸುವ ಕರ್ತವ್ಯ ನನ್ನ ಪಾಲಿಗೆ ಬಂದಿತ್ತು. ಮೇಜಿನ ಮೇಲೆ ಇಂಗ್ಲಿಷಿನಲ್ಲಿದ್ದ ದಪ್ಪ ವರದಿ. ಪಕ್ಕದಲ್ಲಿ ಕೆಲವೇ ಪುಟಗಳ ಕನ್ನಡ ಸಾರಾಂಶ. ಯೋಜನಾ ಸ್ಥಳದ ಹತ್ತಿರ ಯಾವುದೇ ಜಲಮೂಲವಿಲ್ಲವೆಂದು ಅದರಲ್ಲಿ ಬರೆದಿತ್ತು. ಶಾಮಿಯಾನದ ಹಿಂದಿನ ಸಾಲಿನಿಂದ ಎದ್ದು ನಿಂತ ಅಜ್ಜಿಯೊಬ್ಬರು, ‘ಸ್ವಾಮಿ, ನೀವು ಕೂತಿರೋದೇ ಕೆರೆ ಅಂಗಳದಾಗೆ’ ಎಂದರು. ಜನ ನಕ್ಕರು. ಬೇಸಿಗೆಯಲ್ಲಿ ಬತ್ತಿದ ಸಣ್ಣ ಕಟ್ಟೆ ಅದು. ವರದಿ ಬರೆದ ಸಂಸ್ಥೆಯ ಪರವಾಗಿ ಬಂದಿದ್ದ ಯುವಕ ತಲೆ ತಗ್ಗಿಸಿದ. ಸಭೆ ಮುಗಿದ ಮೇಲೆ ಅವನನ್ನು ಕರೆದು ಕೇಳಿದೆ. ‘ಸರ್, ನಾನು ಈ ಜಾಗಕ್ಕೆ ಬಂದಿದ್ದು ಇವತ್ತೇ. ಮಾದರಿ ಸಂಗ್ರಹಿಸಿದವರು ಬೇರೆ, ಬರೆದವರು ಬೇರೆ. ನಾನು ಜೋಡಿಸಿದೆ ಅಷ್ಟೆ’ ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ, ದಣಿವಿತ್ತು. ಅಜ್ಜಿಯ ಮಾತನ್ನು ನಡಾವಳಿಯಲ್ಲಿ ದಾಖಲಿಸಿ ಮೇಲಕ್ಕೆ ಕಳಿಸಿದೆ. ಅನುಮತಿ ನೀಡುವ ಅಥವಾ ನಿರಾಕರಿಸುವ ಅಧಿಕಾರ ಸಭಾಧ್ಯಕ್ಷನಿಗೆ ಇರುವುದಿಲ್ಲ. ಆ ನಿಯಮದ ಮರೆಯಲ್ಲಿ ನಾನು ನಿಶ್ಚಿಂತನಾದೆ. ವರದಿಯನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ಪ್ರತ್ಯೇಕವಾಗಿ ಒಂದು ಪತ್ರ ಬರೆಯಬಹುದಿತ್ತು, ಬರೆಯಲಿಲ್ಲ. ಆ ಕೊರಗು ಇಂದಿಗೂ ಇದೆ.

ಇದು ಒಬ್ಬ ಯುವಕನ ಅಥವಾ ಒಂದು ಸಂಸ್ಥೆಯ ದೋಷವೆಂದು ತಿಳಿದರೆ ತಪ್ಪಾಗುತ್ತದೆ. ಹಲವು ವರ್ಷಗಳ ಹಿಂದೆ ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಬಾಕ್ಸೈಟ್ ಗಣಿಯ ಪರಿಸರ ವರದಿಯಲ್ಲಿ ರಷ್ಯಾದ ಗಣಿಯೊಂದರ ವರದಿಯ ಭಾಗಗಳು ಹಾಗೆಹಾಗೆಯೇ ಕಾಣಿಸಿಕೊಂಡು ದೇಶವೇ ನಕ್ಕಿತ್ತು. ಮೂಲ ಕಾರಣ ಸಲಹಾ ಸೇವೆಯ ಮಾರುಕಟ್ಟೆಯ ರಚನೆಯಲ್ಲೇ ಇದೆ. ಸಲಹೆಗಾರನನ್ನು ಆರಿಸುವವನು ಯೋಜನೆಯ ಮಾಲೀಕ. ಶುಲ್ಕ ನಿಗದಿ ಮಾಡುವವನೂ ಅವನೇ, ಕೊಡುವವನೂ ಅವನೇ. ಅವನಿಗೆ ಬೇಕಾಗಿರುವುದು ಸತ್ಯವಲ್ಲ, ಅನುಮತಿ. ಹೀಗಿರುವಾಗ ಆರು ತಿಂಗಳು ಹೊಲಗದ್ದೆ ತಿರುಗಿ, ಪ್ರತಿಕೂಲ ಸಂಗತಿಗಳನ್ನೂ ನಮೂದಿಸುವ ಪ್ರಾಮಾಣಿಕ ಸಂಸ್ಥೆ ದುಬಾರಿಯೂ ಆಗುತ್ತದೆ, ಕಿರಿಕಿರಿಯೂ ಆಗುತ್ತದೆ. ಅಗ್ಗದ ದರಕ್ಕೆ ಬೇಗ ಮುಗಿಸಿಕೊಡುವ ಸಂಸ್ಥೆಗೆ ಮುಂದಿನ ಕೆಲಸವೂ ಸಿಗುತ್ತದೆ. ಕೆಟ್ಟ ನಾಣ್ಯ ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಓಡಿಸುತ್ತದೆ ಎಂಬ ಗ್ರೆಷಂ ನಿಯಮವನ್ನು ನಾವು ತರಗತಿಯಲ್ಲಿ ಹಣದ ಸಂದರ್ಭದಲ್ಲಿ ಓದಿದ್ದೆವು. ವರದಿಗಳಿಗೂ ಅದು ಅನ್ವಯಿಸುತ್ತದೆ.

ಇದು ಕೇವಲ ಊಹೆಯಲ್ಲ ಎಂಬುದಕ್ಕೆ ಗುಜರಾತಿನಲ್ಲಿ ನಡೆದ ಪ್ರಯೋಗವೊಂದು ಸಾಕ್ಷಿ. ಅಲ್ಲಿನ ಹೈಕೋರ್ಟಿನ ಆದೇಶದಿಂದಾಗಿ 1996ರಿಂದಲೇ ಕಾರ್ಖಾನೆಗಳು ಖಾಸಗಿ ಪರಿಶೋಧಕರಿಂದ ಮಾಲಿನ್ಯ ತಪಾಸಣೆ ಮಾಡಿಸಿ ವರದಿ ಸಲ್ಲಿಸಬೇಕಿತ್ತು. ಪರಿಶೋಧಕರನ್ನು ನೇಮಿಸಿ ಹಣ ಕೊಡುತ್ತಿದ್ದುದು ಕಾರ್ಖಾನೆಗಳೇ. ಮುಂದೆ ನೊಬೆಲ್ ಪ್ರಶಸ್ತಿ ಪಡೆದ ಎಸ್ತರ್ ಡುಫ್ಲೊ ಹಾಗೂ ಅವರ ಸಹ-ಅರ್ಥಶಾಸ್ತ್ರಜ್ಞರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜೊತೆಗೂಡಿ ಅಹಮದಾಬಾದ್ ಮತ್ತು ಸೂರತ್ ಪ್ರದೇಶದ 473 ಕಾರ್ಖಾನೆಗಳಲ್ಲಿ ಎರಡು ವರ್ಷ ಒಂದು ಪರೀಕ್ಷೆ ನಡೆಸಿದರು. ಅರ್ಧದಷ್ಟು ಕಾರ್ಖಾನೆಗಳನ್ನು ಹಳೆಯ ಪದ್ಧತಿಯಲ್ಲೇ ಬಿಟ್ಟರು. ಉಳಿದವಕ್ಕೆ ಪರಿಶೋಧಕರನ್ನು ಚೀಟಿ ಎತ್ತಿದಂತೆ ಹಂಚಿದರು. ನಿಗದಿತ ಶುಲ್ಕವನ್ನು ಸಾಮಾನ್ಯ ನಿಧಿಯಿಂದ ಕೊಟ್ಟರು. ಕೆಲವು ಅಳತೆಗಳನ್ನು ಸ್ವತಂತ್ರವಾಗಿ ಮರುಪರೀಕ್ಷೆ ಮಾಡಿಸಿದರು. ಎರಡನೇ ವರ್ಷ, ನಿಖರವಾಗಿ ಬರೆದವರಿಗೆ ಹೆಚ್ಚಿನ ಪ್ರತಿಫಲ ಕೊಟ್ಟರು. 2013ರಲ್ಲಿ ಪ್ರಕಟವಾದ ಫಲಿತಾಂಶ ಕಣ್ಣು ತೆರೆಸುವಂತಿತ್ತು. ಹಳೆಯ ಪದ್ಧತಿಯ ವರದಿಗಳಲ್ಲಿ ಮಾಲಿನ್ಯದ ಅಂಕಿಗಳು ವಿಚಿತ್ರವೆಂಬಂತೆ ಕಾನೂನಿನ ಮಿತಿಗಿಂತ ಚೂರೇ ಕೆಳಗೆ ಗುಂಪುಗೂಡಿದ್ದವು. ಹೊಸ ಪದ್ಧತಿಯ ಪರಿಶೋಧಕರು ಮಿತಿ ಮೀರಿದ್ದನ್ನು ಮೀರಿಲ್ಲವೆಂದು ಸುಳ್ಳು ಬರೆಯುವ ಸಂಭವ ಶೇ 80ರಷ್ಟು ಕಡಿಮೆಯಾಯಿತು. ಅದಕ್ಕಿಂತ ಮುಖ್ಯವಾಗಿ, ಆ ಕಾರ್ಖಾನೆಗಳು ನಿಜವಾಗಿಯೂ ಮಾಲಿನ್ಯ ತಗ್ಗಿಸಿದವು. 2015ರಲ್ಲಿ ಗುಜರಾತ್ ಮಂಡಳಿ ತನ್ನ ನಿಯಮಗಳನ್ನೇ ಬದಲಿಸಿತು.

ಪರಿಶೋಧಕರು ಅದೇ ವರ್ಗದ ಜನ, ಅದೇ ಓದು, ಅದೇ ಉಪಕರಣ. ಬದಲಾದದ್ದು ಅವರು ಯಾರ ಉಪ್ಪು ತಿನ್ನುತ್ತಾರೆ, ಅವರ ಅಳತೆಯನ್ನು ಯಾರು ಸರಿನೋಡುತ್ತಾರೆ ಎಂಬುದು. ಸಲಹೆಗಾರರಿಗೆ ನೀತಿಪಾಠ ಹೇಳುವುದಕ್ಕಿಂತ ಅವರು ನಿಂತಿರುವ ನೆಲವನ್ನು ಸರಿಪಡಿಸುವುದು ಫಲಕಾರಿ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಹೇಗೆ?

ಇಂಥ ಏರ್ಪಾಡು ನಮ್ಮ ಆಡಳಿತಕ್ಕೆ ಹೊಸದೂ ಅಲ್ಲ. ಸರ್ಕಾರಿ ಕಂಪನಿಗಳ ಲೆಕ್ಕ ತಪಾಸಿಗರನ್ನು ಆಯಾ ಕಂಪನಿಯ ಆಡಳಿತ ಮಂಡಳಿ ನೇಮಿಸುವಂತಿಲ್ಲ, ನೇಮಿಸುವವರು ಮಹಾಲೇಖಪಾಲರು. ಮಂಡ್ಯದ ಮೈಷುಗರ್‌ಗೂ ಇದೇ ನಿಯಮ. ಖಾಸಗಿ ಕಂಪನಿಗಳ ವಿಷಯದಲ್ಲಿಯೂ 2013ರ ಕಂಪನಿ ಕಾಯ್ದೆ, ನಿಗದಿತ ವರ್ಗದ ಸಂಸ್ಥೆಗಳು ನಿರ್ದಿಷ್ಟ ಅವಧಿಯ ಬಳಿಕ ಲೆಕ್ಕ ತಪಾಸಿಗರನ್ನು ಬದಲಾಯಿಸಲೇಬೇಕೆಂದು ಹೇಳಿದೆ. ಷೇರುದಾರನ ಹಣಕ್ಕೆ ಇರುವ ಈ ಕಾವಲು, ಲಕ್ಷಾಂತರ ಜನ ಕುಡಿಯುವ ನೀರಿಗೆ ಬೇಡವೇ?

ಕೇಂದ್ರ ಸರ್ಕಾರ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದೆ ಎಂಬುದನ್ನು ಒಪ್ಪಬೇಕು. 2025ರ ಆಗಸ್ಟ್‌ನಲ್ಲಿ ಹೊರಡಿಸಿದ ಪರಿಸರ ಲೆಕ್ಕಪರಿಶೋಧನಾ ನಿಯಮಗಳು, ನೋಂದಾಯಿತ ಪರಿಸರ ಪರಿಶೋಧಕರೆಂಬ ಹೊಸ ವರ್ಗವನ್ನೇ ಸೃಷ್ಟಿಸಿವೆ. ಅವರನ್ನು ಯೋಜನೆಗಳಿಗೆ ಚೀಟಿ ಎತ್ತಿದ ರೀತಿಯಲ್ಲಿ ಹಂಚುವ ಆಶಯ ಅಲ್ಲಿದೆ. ಆದರೆ ಇದು ಮುಖ್ಯವಾಗಿ ಅನುಮತಿ ದೊರೆತ ನಂತರದ ಷರತ್ತುಗಳ ಪಾಲನೆಗೆ ಸಂಬಂಧಿಸಿದ್ದು. ಯೋಜನೆ ಬರಬೇಕೋ ಬೇಡವೋ, ಬಂದರೆ ಎಲ್ಲಿ ಹೇಗೆ ಎಂಬುದನ್ನು ನಿರ್ಧರಿಸುವ ಮೊದಲ ವರದಿ ಇನ್ನೂ ಯೋಜನೆಯ ಮಾಲೀಕನ ಕೂಲಿಯಲ್ಲೇ ಸಿದ್ಧವಾಗುತ್ತದೆ. ಚೀಟಿ ಎತ್ತಬೇಕಾದದ್ದು ಆ ಹಂತದಲ್ಲಿ. ಮಾಲೀಕನೇ ಶುಲ್ಕ ಕಟ್ಟಲಿ. ಆದರೆ ರಾಜ್ಯ ಮಟ್ಟದ ಸಾಮಾನ್ಯ ನಿಧಿಗೆ ಕಟ್ಟಲಿ. ಯೋಜನೆಯ ಗಾತ್ರಕ್ಕೆ ತಕ್ಕಂತೆ ದರ ನಿಗದಿಯಾಗಲಿ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಿಂದ ಸರದಿಯಂತೆ ಕೆಲಸ ಹಂಚಿಕೆಯಾಗಲಿ. ಹತ್ತರಲ್ಲಿ ಒಂದು ವರದಿಯನ್ನಾದರೂ ವಿಶ್ವವಿದ್ಯಾಲಯದವರೋ ಮಂಡ್ಯದ ವಿ.ಸಿ. ಫಾರಂನಂಥ ಕೃಷಿ ಸಂಶೋಧನಾ ಕೇಂದ್ರದವರೋ ನೆಲಕ್ಕಿಳಿದು ಮರುಪರೀಕ್ಷೆ ಮಾಡಲಿ.

ಇದರಿಂದ ವಿಳಂಬವಾಗುತ್ತದೆ, ಬಂಡವಾಳ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂಬ ಆಕ್ಷೇಪ ಬರುವುದು ಸಹಜ. ಸೇವೆಯಲ್ಲಿದ್ದಾಗ ಈ ವಾದವನ್ನು ನಾನೂ ಮಂಡಿಸಿದ್ದುಂಟು. ಆದರೆ ವಿಳಂಬದ ನಿಜವಾದ ಮೂಲ ಯಾವುದು? 2024ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್ ಕೃಷ್ಣರಾಜಸಾಗರ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿತು. ಪಾಂಡವಪುರದ ಬೇಬಿ ಬೆಟ್ಟದಲ್ಲಿ ಸಿಡಿಸುವ ಸಿಡಿಮದ್ದು ಅಣೆಕಟ್ಟೆಗೆ ಅಪಾಯವೋ ಅಲ್ಲವೋ ಎಂಬ ವಿವಾದ ವರ್ಷಗಟ್ಟಲೆ ಬೆಳೆಯಿತು. ಪರೀಕ್ಷಾರ್ಥ ಸ್ಫೋಟದ ಮಾತು ಬಂದಾಗ ಅದಕ್ಕೂ ರೈತರು ಪ್ರತಿಭಟಿಸಿದರು. ಎಲ್ಲರೂ ನಂಬುವಂಥ ಒಂದು ಅಧ್ಯಯನ ಮೊದಲೇ ಇದ್ದಿದ್ದರೆ ಗಣಿ ಮಾಲೀಕನೂ, ಕಾರ್ಮಿಕನೂ, ರೈತನೂ ಇಷ್ಟು ಕಾಲ ಅನಿಶ್ಚಿತತೆಯಲ್ಲಿ ಕಳೆಯಬೇಕಿರಲಿಲ್ಲ. ನಂಬಿಕೆ ಇಲ್ಲದ ವರದಿ ಬೇಗ ಸಿದ್ಧವಾಗಬಹುದು. ಅದು ಉಳಿಸಿದ ಕಾಲವನ್ನು ನ್ಯಾಯಾಲಯದಲ್ಲಿ ಬಡ್ಡಿ ಸಮೇತ ತೆರಬೇಕಾಗುತ್ತದೆ.

ಭಾಷೆಯ ವಿಷಯವೂ ಇಲ್ಲಿ ಗೌಣವಲ್ಲ. ಪೂರ್ಣ ವರದಿ ಇಂಗ್ಲಿಷಿನಲ್ಲಿ. ನೆಲ ಕಳೆದುಕೊಳ್ಳುವವನಿಗೆ ದಕ್ಕುವುದು ಕನ್ನಡದ ಸಾರಾಂಶ ಮಾತ್ರ. 2020ರ ಕರಡು ಅಧಿಸೂಚನೆಯನ್ನು ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಆ ವರ್ಷ ಜೂನ್‌ನಲ್ಲಿ ಹೇಳಬೇಕಾಯಿತು. ಕರಡು ನಿಯಮಕ್ಕೆ ಸಲ್ಲುವ ಈ ನ್ಯಾಯ ಊರಿನ ಹಣೆಬರಹ ಬರೆಯುವ ವರದಿಗೂ ಸಲ್ಲಬೇಕು. ಕನ್ನಡದಲ್ಲಿ ಬರೆದ ವರದಿಯನ್ನು ಆ ಅಜ್ಜಿಯ ಮೊಮ್ಮಗ ಸಭೆಗೆ ಮುಂಚೆಯೇ ಓದಿ ‘ಇಲ್ಲಿ ಕೆರೆಯಿದೆ’ ಎಂದು ಹೇಳಬಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳು ಈ ವೃತ್ತಿಗೆ ಬರಬೇಕಾದದ್ದು ಈ ಕಾರಣಕ್ಕೇ. ನಾಲೆಯ ಕೊನೆಯಂಚಿನ ನೀರು ಯಾವ ತಿಂಗಳು ಬತ್ತುತ್ತದೆ, ಶಿಂಷೆಯ ಮರಳು ಎಲ್ಲಿ ಬರಿದಾಗಿದೆ, ಯಾವ ಹಳ್ಳ ಯಾವಾಗ ನಾರುತ್ತದೆ ಎಂಬುದನ್ನು ಅವರು ಉಪಕರಣ ಮುಟ್ಟುವ ಮೊದಲೇ ಬಲ್ಲರು. ಉಪಕರಣ ಆ ತಿಳಿವಳಿಕೆಯನ್ನು ಅಂಕಿಗಳಲ್ಲಿ ಸಾಬೀತುಪಡಿಸುತ್ತದೆ.

ಅಂದು ಆ ಹುಡುಗಿಗೆ ನಾನು ಕೊನೆಗೆ ಹೇಳಿದ್ದು ಇಷ್ಟು: ಸೇರಿಕೋ. ಮೊದಲ ಎರಡು ವರ್ಷ ಸಂಬಳಕ್ಕಿಂತ ಹೆಚ್ಚಾಗಿ ನೆಲ ನೋಡು. ಅಂತರ್ಜಲ, ಕಾನೂನು, ಅಂಕಿಸಂಖ್ಯಾಶಾಸ್ತ್ರ ಈ ಮೂರನ್ನೂ ಗಟ್ಟಿಯಾಗಿ ಕಲಿ. ನೀನೇ ಹೋಗದ ಜಾಗದ ಬಗ್ಗೆ, ನೀನೇ ನೋಡದ ಅಳತೆಯ ಕೆಳಗೆ ಸಹಿ ಹಾಕಬೇಡ. ಎಷ್ಟೇ ಸಣ್ಣ ವರದಿಯಾಗಲಿ, ಆ ಊರಿನ ಹಿರಿಯರೊಬ್ಬರೊಡನೆ ಕೂತು ಮಾತಾಡದೆ ಮುಗಿಸಬೇಡ. ಸಹಿ ಹಾಕಲೇಬೇಕೆಂಬ ಒತ್ತಡ ಬಂದ ದಿನ ಆ ಕೆಲಸ ಬಿಡಲು ಬೇಕಾದಷ್ಟು ಉಳಿತಾಯ ಮಾಡಿಕೊಂಡಿರು.

ಕೊನೆಯ ಮಾತಿಗೆ ಅವಳು ನಕ್ಕಳು. ಅವಳ ಅಪ್ಪ ನಗಲಿಲ್ಲ. ‘ಕೆಲಸ ಬಿಡೋದಾದರೆ ಓದಿಸಿದ್ಯಾಕಣ್ಣ?’ ಎಂದು ನನ್ನನ್ನೇ ಕೇಳಿದ. ಅವನ ಮಾತು ನ್ಯಾಯವಾದದ್ದೇ. ಸತ್ಯ ಬರೆಯುವುದಕ್ಕೆ ಕೆಲಸ ಕಳೆದುಕೊಳ್ಳುವಷ್ಟು ಧೈರ್ಯವನ್ನು ಪ್ರತಿಯೊಬ್ಬ ಯುವತಿಯಿಂದಲೂ ನಿರೀಕ್ಷಿಸುವ ವ್ಯವಸ್ಥೆ ಒಳ್ಳೆಯ ವ್ಯವಸ್ಥೆಯಲ್ಲ. ಸಾಧಾರಣ ಧೈರ್ಯದ, ಮನೆ ನಡೆಸಬೇಕಾದ ಮನುಷ್ಯರೂ ಕಂಡದ್ದನ್ನು ಕಂಡಂತೆ ಬರೆದು ನೆಮ್ಮದಿಯಿಂದ ಮನೆಗೆ ಹೋಗುವಂತಿರಬೇಕು. ಅದನ್ನು ಕಟ್ಟಿಕೊಡುವುದು ಸರ್ಕಾರದ ಹೊಣೆ. ಹಾಗೆ ಕಟ್ಟಿಕೊಡುವಂತೆ ಒತ್ತಾಯಿಸುವುದು, ತೊರೆಕಾಡನಹಳ್ಳಿಯ ನೀರು ಕುಡಿಯುವ ನಮ್ಮೆಲ್ಲರ ಋಣ.